ದೊಡ್ಡ ಗಾಣ, ಸಣ್ಣ ಎಂಜಿನ್ನು

ನಮ್ಮಪ್ಪ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ರಿವೆಟ್ಟು ಹೊಡೆಯುತ್ತಿದ್ದವರು. ನಮ್ಮ ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ 'ಮಾರುತ'ದ ರೆಕ್ಕೆಗಳಿಗೆ ಅವರ ಕೈ ತಾಕಿತ್ತು. ನಿವೃತ್ತರಾಗಿ ನಮ್ಮೂರು ಚಿನಕುರಳಿಗೆ ಬಂದ ಮೇಲೂ ಬಾಯಿಬಿಟ್ಟರೆ ಅದೇ ಮಾತು. ನನ್ನನ್ನು ಅವರ ಮನೆಯ ಬೀದಿಗೇ ಮದುವೆ ಮಾಡಿ ಕೊಟ್ಟಿದ್ದರಿಂದ ದಿನಾ ಕೇಳುವ ಕರ್ಮ ನನ್ನದು. ಜರ್ಮನಿಯಿಂದ ಬಂದ ಎಂಜಿನಿಯರು ಅದನ್ನು ಶಬ್ದಕ್ಕಿಂತ ವೇಗವಾಗಿ ಹಾರಲೆಂದೇ ರೂಪಿಸಿದ್ದರಂತೆ: ಹಿಂದಕ್ಕೆ ಬಾಗಿದ ರೆಕ್ಕೆ, ಸಣ್ಣ ನಡು, ಒಳಗೆ ಎರಡು ಎಂಜಿನ್ನು. ಆದರೆ ಅಂದುಕೊಂಡಿದ್ದ ಎಂಜಿನ್ನು ಹೊರದೇಶದಿಂದ ಬರಲೇ ಇಲ್ಲ, ಸಿಕ್ಕ ಸಣ್ಣದನ್ನೇ ಕೂರಿಸಿದರು. ವಿಮಾನ ಯುದ್ಧಕ್ಕೂ ಹೋಗಿ ಬಂತು, ಆ ವೇಗ ಮಾತ್ರ ಮುಟ್ಟಲಿಲ್ಲ. ತೊಂಬತ್ತರ ಹೊತ್ತಿಗೆ ಎಲ್ಲವನ್ನೂ ಮೂಲೆಗೆ ಹಾಕಿದರು. ಅದೊಂದು ಕೈಲಾಗದ ವಿಮಾನ ಎಂದು ಯಾರೋ ಟೀ ಅಂಗಡಿಯಲ್ಲಿ ಅಂದದ್ದಕ್ಕೆ ಅಪ್ಪ ಆವತ್ತು ಮುದ್ದೆ ಮುಟ್ಟಲಿಲ್ಲ. ಒಂದು ವಿಮಾನಕ್ಕಾಗಿ ಊಟ ಬಿಟ್ಟರಲ್ಲ ಎಂದು ನನಗೋ ಮೈಯೆಲ್ಲ ಉರಿಯಿತು.

ಇಂಥವರು ಬೆಲ್ಲ ಮಾಡುವ ಆಲೆಮನೆ ಹಾಕಲು ಹೊರಟರು. ಕಬ್ಬು ಅರೆಯುವ ಗಾಣದ ಚಿತ್ರ ತಾವೇ ಬರೆದು, ಪಾಂಡವಪುರದ ಲೇತಿನಂಗಡಿಯ ಸಾಬರ ಜೊತೆ ಕೂತು ಮಾಡಿಸಿದರು. ಅಷ್ಟು ದಪ್ಪ ಉರುಳೆ ನಮ್ಮ ಸುತ್ತಿನಲ್ಲಿ ಯಾರ ಗಾಣಕ್ಕೂ ಇರಲಿಲ್ಲ. ದೊಡ್ಡ ಡೀಸೆಲ್ ಎಂಜಿನ್ನು ಕೊಡುತ್ತೇನೆಂದು ಕೆ.ಆರ್. ಪೇಟೆಯ ನನ್ನ ಸೋದರಮಾವ ಹೇಳಿದ್ದ. ಆ ಮಾತು ನಂಬಿ ಗಾಣ ಮೊದಲು ಮಾಡಿಸಿಬಿಟ್ಟಿದ್ದರು. ಜೀವಮಾನವೆಲ್ಲ ಗೋಳಾಡಿದ ತಪ್ಪನ್ನೇ ಮನೆ ಬಾಗಿಲಲ್ಲಿ ಮಾಡಿದೆಯಲ್ಲಪ್ಪ ಎಂದು ಮುಖಕ್ಕೇ ಹೇಳಿದೆ. "ಬತ್ತದೆ ಬುಡವ್ವ," ಎಂದರು.

ಎಲ್ಲಿ ಬಂತು? ಮಾವ ಆ ಎಂಜಿನ್ನಿಟ್ಟುಕೊಂಡು ತಾನೇ ಆಲೆಮನೆ ಹಾಕಿಕೊಂಡ. ಅಪ್ಪ ಬಾವಿಯ ನೀರೆತ್ತುವ ಎಂಜಿನ್ನಿಗೇ ಬೆಲ್ಟು ಹಾಕಿದರು. ಒಂದು ಹಿಡಿ ಕಬ್ಬು ಕೊಟ್ಟರೆ ಉಸಿರುಕಟ್ಟಿ ನಿಲ್ಲುತ್ತಿತ್ತು. ಒಂದೊಂದೇ ಜಲ್ಲೆ ಕೊಟ್ಟರೆ ಕೊಪ್ಪರಿಗೆ ತುಂಬುವಷ್ಟರಲ್ಲಿ ಕಬ್ಬಿನ ಹಾಲು ಹುಳಿಯುತ್ತಿತ್ತು. ಕಬ್ಬು ತಂದವರು ಗಾಣವೇ ಸರಿಯಿಲ್ಲವೆಂದು ಗಾಡಿ ತಿರುಗಿಸಿಕೊಂಡು ಹೋದರು. ಗಾಣ ಗುಜರಿಗೆ ಹೋಗಬಾರದು ಎಂಬುದೊಂದೇ ಅಪ್ಪನ ಹಟ. ಗುಜರಿಯವನ ಗಾಡಿ ಬೀದಿಗೆ ಬಂದರೆ ಸಾಕು, ಗಾಣದ ಮುಂದೆ ಮಂಚ ಎಳೆದುಕೊಂಡು ಮಲಗಿಬಿಡುತ್ತಿದ್ದರು.

ಕಡೆಗೆ ಬೂಕನಕೆರೆಯ ರೈತನೊಬ್ಬ ಬಂದ. ಅವನ ಹತ್ತಿರ ದೊಡ್ಡ ಎಂಜಿನ್ನಿತ್ತು, ಗಾಣವಿರಲಿಲ್ಲ. ಗಾಣ ಕೊಡಲು ಅಪ್ಪ ಒಪ್ಪಿದರು. ಟ್ರಾಕ್ಟರಿಗೆ ಹೇರುವಾಗ ಉರುಳೆಗಳಿಗೆಲ್ಲ ಎಣ್ಣೆ ಸವರಿ ಕಣ್ಣೊರೆಸಿಕೊಂಡರು. ನನ್ನ ಮದುವೆಯಲ್ಲೂ ಈ ಮನುಷ್ಯ ಅಷ್ಟು ಅತ್ತಿರಲಿಲ್ಲ.

ಅಲ್ಲಿ ಆಲೆ ಶುರುವಾದ ಮೇಲೆ ಇಬ್ಬರೂ ಬಸ್ಸಿನಲ್ಲಿ ಹೋಗಿ ನೋಡಿದೆವು. ಗಾಣ ಕಂತೆಕಂತೆ ಕಬ್ಬು ನುಂಗುತ್ತಿತ್ತು. ಸಿಪ್ಪೆ ಹೊರಬಂದಾಗ ಅದರಲ್ಲಿ ಹಿಂಡಲು ಏನೂ ಉಳಿದಿರಲಿಲ್ಲ. ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ರೈತ ಬಾಳೆಲೆಯ ಮೇಲೆ ಬಿಸಿ ಬೆಲ್ಲ ತಂದುಕೊಟ್ಟು, ಇಂಥ ಗಾಣ ನಾನು ಕಂಡೇ ಇಲ್ಲ ಎಂದ. ಅಪ್ಪ ಎಲೆ ಹಿಡಿದು ಹಾಗೇ ನಿಂತರು.

"ತಿನ್ನಪ್ಪ, ಆರೋಯ್ತದೆ," ಎಂದೆ.

"ಗಾಣದ್ದೇನೂ ತಪ್ಪಿರ್ನಿಲ್ಲ, ಅಲ್ವೇನವ್ವ?" ಎಂದರು. ಬೆಲ್ಲದ ಚೂರೊಂದನ್ನು ಬಾಯಿಗಿಟ್ಟುಕೊಂಡು, "ಆ ವಿಮಾನಕ್ಕೂ ಇಂಗೇ ಯಾರಾರ ದೊಡ್ಡ ಎಂಜಿನ್ ಇಟ್ಕೊಂಡು ಬಂದಿದ್ರೆ ಅದೂ ಆ ಸ್ಪೀಡ್ ಮುಟ್ತಿತ್ತು," ಎಂದರು.

ವಿಮಾನದ ಮಾತಿಗೆ ನಾನು ರೇಗದೇ ಇದ್ದದ್ದು ಅದೇ ಮೊದಲು.