ಗಂಗವ್ವ ಬೆನ್ನು ಕೊಡುತ್ತಿದ್ದ ಕಂಬ

1986ರ ಬೇಸಿಗೆ. ನಾನಾಗ ನಿಪ್ಪಾಣಿಯ ಕಡೆ ಸ್ವಂತವಾಗಿ ಕೆಲಸ ಹಿಡಿಯುತ್ತಿದ್ದ ಗೌಂಡಿ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ನಾನು ಕಟ್ಟಿದ ಗೋಡೆಗೆ ತೂಗುಗುಂಡು ಇಳಿಬಿಟ್ಟು ಸೊಟ್ಟ ಎಂದವರಿಲ್ಲ. ಆ ಹೆಮ್ಮೆ ಈಗಲೂ ಇದೆ. ನಾನು ಹೇಳಹೊರಟ ಗೋಡೆಯೂ ನೇರವಾಗಿಯೇ ಇತ್ತು.

ವೇದಗಂಗೆಯ ದಂಡೆಯ ನಮ್ಮೂರಿನಲ್ಲಿ ಸಾವಕಾರರ ಹಳೆಯ ವಾಡೆ ಇತ್ತು. ಹೊಳೆಯ ದಾರಿಗೆ ಮುಖ ಮಾಡಿ, ಸಾಗವಾನಿ ಕಂಬಗಳ ತೆರೆದ ಪಡಸಾಲೆ. ಸಾವಕಾರರ ತಾಯಿಯ ಕಾಲದಿಂದ ಓಣಿಯ ಹೆಣ್ಣುಮಕ್ಕಳು ಅಲ್ಲಿ ಕೂತು ಬೀಡಿ ಸುತ್ತುತ್ತಿದ್ದರು. ಬಾಡಿಗೆಯಿಲ್ಲ, ಅಮಾವಾಸ್ಯೆಗೊಮ್ಮೆ ಪಡಸಾಲೆ ಸಾರಿಸಿಕೊಟ್ಟರೆ ಸಾಕು. ಅವರ ಒಂದಂಕಣದ ಮನೆಗಳಲ್ಲಿ ತಂಬಾಕಿನ ಧೂಳಿಗೆ ಕೂಸುಗಳು ಕೆಮ್ಮುತ್ತಿದ್ದವು. ಇಲ್ಲಿ ಹೊಳೆಯ ಗಾಳಿ, ಬೆಳಕು, ಊರಿನ ಸುದ್ದಿ. ತಾಯಿಯಿಲ್ಲದ ನನ್ನನ್ನು ಸಾಕಿದ ಚಿಗವ್ವ ಗಂಗವ್ವ, ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದಳು.

ಮಳೆಗಾಲದ ಹೊಳೆನೀರು ಪಡಸಾಲೆಯ ಕಟ್ಟೆ ಮುಟ್ಟಿ ಮುಟ್ಟಿ ಕಂಬಗಳ ಬುಡ ಕೊಳೆತಿತ್ತು. ಸಾವಕಾರರು ನನ್ನನ್ನು ಕರೆಸಿದರು.

"ಕಂಬ ತಡೀತಾವಂದ್ರ ಬುಡಾ ಅಷ್ಟ ಬದ್ಲಿ ಮಾಡ್ಸೂನು. ಇಲ್ಲಂದ್ರ ಗ್ವಾಡಿ ಕಟ್ಟಿ ಕೋಣಿ ಮಾಡೂನು. ನೀ ಹೆಂಗಂತಿ?"

ಸುತ್ತಿಗೆಯಿಂದ ಬಡಿದು ನೋಡಿದೆ. ಬುಡದಲ್ಲಿ ಟೊಳ್ಳು ಸಪ್ಪಳ. ಒಂದು ಮೊಳದಿಂದ ಮೇಲೆ ಗಟ್ಟಿ. ಕೊಳೆತದ್ದನ್ನು ಕೊಯ್ದು ಕಲ್ಲಿನ ಪಾದ ಕೂಡಿಸಿದರೆ ಕಂಬ ಉಳಿಯುತ್ತಿತ್ತು. ಆದರೆ ಅದು ಬಡಿಗನ ಕೆಲಸ. ಸಿಮೆಂಟಿನ ಗೋಡೆಯಾದರೆ ನನ್ನದು, ಅದೂ ಹೊಳೆಗೆ ಹೋಗುವವರೆಲ್ಲ ನೋಡುವ ಜಾಗದಲ್ಲಿ.

"ತಡಿಯೂದಿಲ್ರಿ ಸಾವಕಾರ್ರ," ಅಂದೆ.

ಕಂಬಗಳನ್ನು ಒಳಗೇ ಬಿಟ್ಟು ಸುತ್ತ ಇಟ್ಟಂಗಿ ಕಟ್ಟತೊಡಗಿದೆ. ಗಂಗವ್ವ ತಂಬಾಕಿನ ಮೊರ ಸೊಂಟಕ್ಕಿಟ್ಟುಕೊಂಡು ಬಂದು ನಿಂತಳು.

"ಆ ಕಂಬಕ್ಕ ದಿನಾ ಬೆನ್ನ ಕೊಟ್ಟು ಕುಂದ್ರಾಕಿ ನಾನು. ಅಳ್ಳಾಡಿದ್ರ ನನಗ ಗೊತ್ತಾಗ್ತಿದ್ದಿಲ್ಲೇನೋ?"

"ಬೀಡಿ ಸುತ್ತೂದು ನಿಂದು, ಗ್ವಾಡಿ ಕಟ್ಟೂದು ನಂದು. ನೀ ಸುಮ್ನಿರು ಚಿಗವ್ವಾ," ಅಂದೆ. ಆಳುಗಳು ನಕ್ಕರು. ಅವಳೂ ನಕ್ಕು ಹೋದಳು.

ಗೋಡೆಯನ್ನು ಊರೆಲ್ಲ ಹೊಗಳಿತು. ಆ ಹೆಸರಿನಿಂದ ನನಗೆ ರಾಯಬಾಗದ ತನಕ ಕೆಲಸ ಸಿಕ್ಕಿತು. ಪಡಸಾಲೆ ಮುಚ್ಚಿಹೋದದ್ದರಿಂದ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯೊಳಗೆ ಕೂತು ಬೀಡಿ ಸುತ್ತತೊಡಗಿದರು. "ಬಾಜೂಕಿನ ಮನ್ಯಾಗ ಕೂಸು ಹುಟ್ಟಿದ್ರೂ ಈಗ ಬಾರ್ಸಿ ಮಾಡಿ ಹೆಸರಿಡೂ ದಿನಾನ ಗೊತ್ತಾಗತೈತಿ," ಎಂದು ಒಬ್ಬಾಕೆ ಚೇಷ್ಟೆ ಮಾಡಿದಳು. ಗಂಗವ್ವನ ಮನೆಗೆ ಕಿಟಕಿಯಿರಲಿಲ್ಲ. ಎರಡನೇ ಚಳಿಗಾಲಕ್ಕೆ ಅವಳ ಕೆಮ್ಮು ಓಣಿಗೆ ಕೇಳತೊಡಗಿತು. ನಾನೇ ಅವಳ ಮನೆಯ ಗೋಡೆ ಒಡೆದು ಒಂದು ಕಿಟಕಿ ಇಟ್ಟುಕೊಟ್ಟೆ. ಕೆಮ್ಮು ಹೋಗಲಿಲ್ಲ.

1994ರಲ್ಲಿ ಸಾವಕಾರರ ಮಗ ಅಲ್ಲಿ ಅಂಗಡಿ ಮಾಡಲು ಗೋಡೆ ಕೆಡವಿಸಿದ. ಕಟ್ಟಿದವನೇ ಕೆಡವಲಿ ಎಂದು ನನ್ನನ್ನೇ ಕರೆದ. ಇಟ್ಟಂಗಿ ಬಿದ್ದ ಮೇಲೆ ಮೂಲೆಯ ಕಂಬ ಕಂಡಿತು. ಬುಡ ಪುಡಿಯಾಗಿತ್ತು. ಮೇಲೆ ಬಡಿದರೆ, ಅಂದು ಕೇಳಿದ ಅದೇ ಗಟ್ಟಿ ಸಪ್ಪಳ. ಬೆನ್ನು ತಾಗಿ ತಾಗಿ ನುಣುಪಾದ ಜಾಗ ಇನ್ನೂ ಮಿಂಚುತ್ತಿತ್ತು.

ಸಪ್ಪಳ ಕೇಳಿ ಗಂಗವ್ವ ಕೋಲೂರಿಕೊಂಡು ಬಂದಳು. ಆ ಜಾಗದ ಮೇಲೆ ಅಂಗೈ ಇಟ್ಟಳು. ನಾನು ತಲೆ ಎತ್ತಲಿಲ್ಲ.

"ಕುಂದರ್ತೀ ಏನ ಚಿಗವ್ವಾ?" ಎಂದೆ.

"ಒಬ್ಬಾಕಿನ ಕುಂತು ಯಾರ ಜೋಡಿ ಮಾತಾಡ್ಲೋ?" ಎಂದಳು. ಮತ್ತೆ, "ನಿನಗ ಆವಾಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

ಅವಳು ಹೂಂ ಎಂದಳು. ಬಯ್ದಿದ್ದರೆ ಹಗುರಾಗುತ್ತಿದ್ದೆ. "ಬಿಸಲಾಗ ನಿಂತೀ, ನೀರ ಕುಡಿ," ಎಂದು ಹೇಳಿ ಕೆಮ್ಮುತ್ತ ನಡೆದಳು.

ಈಗಲೂ ಹಳೆಯ ಕಟ್ಟಡ ನೋಡಲು ನನ್ನನ್ನು ಕರೆಯುತ್ತಾರೆ. ಸುತ್ತಿಗೆಯನ್ನು ಚೀಲದಲ್ಲೇ ಬಿಟ್ಟು, ಇಲ್ಲಿ ದಿನಾ ಯಾರು ಕೂಡುತ್ತಾರೆ ಎಂದು ಮೊದಲು ವಿಚಾರಿಸುತ್ತೇನೆ. ಕಟ್ಟಡದ ಮಾತು ಅವರಿಂದ ಶುರುವಾಗಬೇಕು. ಈ ಬುದ್ಧಿಯನ್ನು ಕಲಿಸಿದ್ದು ನನ್ನ ಕಸುಬೇ. ಆದರೆ ಕಲಿಕೆಯ ಖರ್ಚು ನನ್ನ ಮೇಲೆ ಬೀಳಲಿಲ್ಲ, ಅವಳ ಎದೆಯ ಮೇಲೆ ಬಿತ್ತು.