ನೆಪ್ಚೂನ್ ಪಬ್ಬಿನ ಹಿಂದಿನ ದಾರಿ

ಬೆಳಗಿನ ಮೊದಲ ಚಹಾ ಕುಡಿದು, ಲೋಟವನ್ನು ತೊಳೆಯದೆ ಹಾಗೇ ಇಟ್ಟು, ಡೋರ್ಕಸ್ ಪಿಂಡರ್ ಕೋಟು ತೊಟ್ಟು ಹೊರಡುತ್ತಿದ್ದಳು. ಕಾಲುವೆಯ ದಂಡೆಯಿಂದ ಸಿರಿಲ್ ಗ್ಯಾಮನ್‌ನ ಮರದ ಅಡ್ಡೆಯ ಬೇಲಿಸಂದಿನಲ್ಲಿ ನುಸುಳಿ, ದೊಡ್ಡ ಶೆಡ್ಡಿನ ಬೆನ್ನಿಗೆ ಹಾದು, ಚರ್ಚಿನ ಓಣಿಗೆ ಬೀಳುವುದು. ಅಷ್ಟೇ ಅವಳ ನಡಿಗೆ. ಜ್ವರ ಬಂದರೂ ಹಿಮ ಬಿದ್ದರೂ ತಪ್ಪಿಸಿದವಳಲ್ಲ. ನಡೆಯುತ್ತ ನಡೆಯುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು: "ಇದು ಬಾರು. ಇದು ದೋಣಿಯವರ ಕೋಣೆ. ಇದು ಅಮ್ಮನ ಅಡುಗೆಮನೆ. ಇಲ್ಲಿ ಕುದುರೆ ಲಾಯ." ನೋಡುವವರ ಕಣ್ಣಿಗೆ ಅಲ್ಲಿದ್ದದ್ದು ಹಲಗೆಯ ರಾಶಿ, ತುರಿಕೆಗಿಡ, ಒಡೆದ ಇಟ್ಟಿಗೆ.

ಆಫೀಸಿನ ಕಿಟಕಿಯಿಂದ ಗ್ಯಾಮನ್ ಕೂಗುತ್ತಿದ್ದ. "ಏನ್ ಡೋರ್ಕಸ್, ಇವತ್ತು ಬಿಯರ್ ಸಿಕ್ತಾ?"

"ನೀನು ಕೆಡವಿದ ಪೀಪಾಯಿ ಇನ್ನೂ ಸೋರ್ತಾ ಇದೆ ಸಿರಿಲ್. ಕುಡ್ಕೊಂಡೇ ಹೋಗ್ತಿದೀನಿ."

ಹಲಗೆ ಕೊಯ್ಯುವವರು ನಗುತ್ತಿದ್ದರು. "ಬಿಡ್ರೋ, ತಲೆ ಕೆಟ್ಟಿದೆ ಅದಕ್ಕೆ. ಸುತ್ಲಿ," ಎಂದು ಗ್ಯಾಮನ್ ಕಿಟಕಿ ಮುಚ್ಚುತ್ತಿದ್ದ. ಒಂದು ದಿನವೂ ಅವಳನ್ನು ತಡೆಯಲಿಲ್ಲ.

ಥಾರ್ನಿ ಲಾಕ್ ಎಂಬ ನಮ್ಮ ಹಳ್ಳಿಯಲ್ಲಿ ಕಾಲುವೆಯ ಉದ್ದಕ್ಕೂ ಒಂದು ಕಾಲಕ್ಕೆ ಐದು ಪಬ್ಬುಗಳಿದ್ದವು. ಕಲ್ಲಿದ್ದಲು ಹೊತ್ತ ದೋಣಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಡೋರ್ಕಸ್ ಹುಟ್ಟಿದ್ದು ನೆಪ್ಚೂನ್ ಪಬ್ಬಿನ ಮಾಳಿಗೆಯಲ್ಲಿ. ಅಪ್ಪ ಜೇಬೆಜ್ ಪಿಂಡರ್ ಅದನ್ನು ನಡೆಸುತ್ತಿದ್ದ. ಕಟ್ಟಡ ಮಾತ್ರ ಬಿಯರ್ ಕಂಪನಿಯದು. ದೋಣಿಗಳು ನಿಂತುಹೋದ ಮೇಲೆ ಕಂಪನಿ ಅದನ್ನು ಗ್ಯಾಮನ್‌ಗೆ ಮಾರಿತು. ಅವನು ಕೆಡವುತ್ತಾನೆಂದು ತಿಳಿದು, ಹಳೆಯ ಕಟ್ಟಡ, ಉಳಿಸಬೇಕು ಎಂದು ಊರವರು ಕೌನ್ಸಿಲ್ಲಿಗೆ ಬರೆದುಕೊಂಡರು. ಗ್ಯಾಮನ್ ಪಬ್ಬಿಗೇ ಬಂದು, ಜೇಬೆಜ್‌ನ ಕೈಯಿಂದಲೇ ಬಿಯರ್ ಈಸಿಕೊಂಡು ಕುಡಿದು, "ಚಳಿಗಾಲ ಮುಗಿಯೋವರೆಗೂ ಒಂದು ಹೆಂಚೂ ಮುಟ್ಟಲ್ಲ ಜೇಬೆಜ್, ನೆಮ್ಮದಿಯಾಗಿರು," ಎಂದು ಹೋದ.

ಸುಗ್ಗಿಯ ಕೃತಜ್ಞತಾ ಪೂಜೆಯ ಭಾನುವಾರ ಬಂತು. ಆ ದಿನ ಊರಿನಲ್ಲಿ ಯಾರೂ ಮನೆಯಲ್ಲಿ ಉಳಿಯುವುದಿಲ್ಲ. ಕುಂಬಳ, ಸೇಬು, ಹೊಸ ರೊಟ್ಟಿ ಹೊತ್ತು ಎಲ್ಲರೂ ಚರ್ಚಿನಲ್ಲಿರುತ್ತಾರೆ. ನಾನು ಪಿಂಡರ್ ಮನೆಯವರ ಹಿಂದಿನ ಸಾಲಿನಲ್ಲಿದ್ದೆ. ಹಾಡಿನ ನಡುವೆ ನೆಲ ಗುಡುಗಿದಂತಾಯಿತು. ಗುಡುಗೇ ಎಂದುಕೊಂಡು ಹಾಡು ಮುಂದುವರಿಸಿದೆವು. ಹೊರಗೆ ಬಂದಾಗ ಓಣಿಯ ತುದಿಯಲ್ಲಿ ಧೂಳು ಎದ್ದಿತ್ತು. ಗ್ಯಾಮನ್‌ನ ಯಂತ್ರ ಅಡುಗೆಮನೆಯ ಗೋಡೆಯನ್ನು ಬೀಳಿಸುತ್ತಿತ್ತು. ಜೇಬೆಜ್ ಹಾಡಿನ ಪುಸ್ತಕ ಹಿಡಿದುಕೊಂಡೇ ನಿಂತ. ಡೋರ್ಕಸ್‌ನ ತಾಯಿ, "ಒಲೆ ಮೇಲೆ ಮಾಂಸ ಇಟ್ಟು ಬಂದಿದ್ದೆ," ಎಂದಳು.

ಜೇಬೆಜ್ ಕೌನ್ಸಿಲ್ ಕೊಟ್ಟ ಬಾಡಿಗೆ ಮನೆಯಲ್ಲಿ ಎರಡು ವರ್ಷವೂ ಬದುಕಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ದಿನ ಡೋರ್ಕಸ್ ನನಗೆ ಹೇಳಿದ್ದು ಇಷ್ಟು: "ಐಡಾ, ಆ ನೆಲದ ಮೇಲೆ ಸಿರಿಲ್ ಮನೆ ಕಟ್ಟಬಾರ್ದು. ನಾನು ಬದುಕಿರೋವರೆಗೂ ಕಟ್ಟಬಾರ್ದು."

"ಕಟ್ಟಿದ್ರೆ ಏನ್ಮಾಡ್ತಿ?"

"ಕಟ್ಟಲ್ಲ."

ಮೊದಲಿಗೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಹಗಲು ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಸಂಜೆ ತಾಯಿಯ ಆರೈಕೆ. ಬಿಡುವಾದಾಗ, ಇಲ್ಲವಾದ ಕಟ್ಟಡಗಳನ್ನು ಹುಡುಕಲು ಶುರುಮಾಡಿದಳು. ಮಳೆಯೇ ಬಾರದ ಒಂದು ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ, ಅಡಿಪಾಯವಿದ್ದ ಕಡೆ ಹುಲ್ಲು ಬೇಗ ಹಳದಿಯಾಗಿ ಗೋಡೆಗಳ ಗೆರೆಗಳೇ ಎದ್ದು ಕಂಡವು. ಅವಳು ಗೂಟ ಹೊಡೆದಳು. ಬ್ಲೂ ಬೆಲ್ ಪಬ್ಬು, ಪ್ಲೋ ಪಬ್ಬು, ಸುಣ್ಣದ ಗೂಡು, ಕಮ್ಮಾರಸಾಲೆ, ದೋಣಿಯವರ ಮಕ್ಕಳ ಶಾಲೆ, ಒಂದೊಂದಾಗಿ ಸಿಕ್ಕವು. ಮುದುಕರನ್ನು ಕೂರಿಸಿಕೊಂಡು ಕೇಳುತ್ತಿದ್ದಳು. ಬೇಸಿಗೆಯ ಶನಿವಾರ ಊರವರನ್ನೂ ಪ್ರವಾಸಿಗರನ್ನೂ ಕರೆದುಕೊಂಡು ನಡೆಸುತ್ತಿದ್ದಳು. ಪ್ರತಿ ಜಾಗದಲ್ಲೂ ನಿಂತು ಏನಿತ್ತು ಎಂದು ಹೇಳಿ, ಯಾರು ಕೆಡವಿದರು ಎಂಬುದನ್ನೂ ಹೇಳುತ್ತಿದ್ದಳು. ಬ್ಲೂ ಬೆಲ್ ಕೆಡವಿದ್ದು ಗ್ಯಾಮನ್‌ನ ಅಪ್ಪ. ಕಮ್ಮಾರಸಾಲೆ ಅವನ ಚಿಕ್ಕಪ್ಪ. ಗ್ಯಾಮನ್‌ನ ಹೆಂಡತಿ ಒಮ್ಮೆ ತನ್ನ ಮನೆಗೆ ಬಂದ ನೆಂಟರನ್ನು ಗೊತ್ತಿಲ್ಲದೆ ಆ ನಡಿಗೆಗೆ ಕಳಿಸಿ, ಆಮೇಲೆ ಊಟಕ್ಕೆ ಕೂತಾಗ ಅವರ ಮುಖ ನೋಡಲಾರದೆ ಹೋಗಿದ್ದಳು.

ಗ್ಯಾಮನ್‌ನನ್ನು ಕ್ಷಮಿಸಿಬಿಡು ಎಂದು ನಾನು ಅವಳಿಗೆ ಹೇಳಿ ನೋಡಿದ್ದೇನೆ. ಚರ್ಚಿನಲ್ಲಿ ನಾವು ಪಕ್ಕಪಕ್ಕದಲ್ಲೇ ನಿಲ್ಲುವವರು. ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಸಾಲು ಬಂದಾಗ ಅವಳ ದನಿ ನಿಂತುಹೋಗುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಿದ್ದಳು. ಕೇಳಿದರೆ, "ದೇವರ ಮುಂದೆ ನಿಂತು ಸುಳ್ಳು ಹೇಳ್ಲಾ?" ಎಂದಳು. ಅವಳ ಬದಲಿಗೆ ಆ ಸಾಲನ್ನು ನಾನು ಎರಡು ಸಲ ಹೇಳಿಕೊಳ್ಳುತ್ತಿದ್ದೆ.

ನಮ್ಮ ಕಡೆ ಒಂದು ಕಾನೂನಿದೆ. ಯಾರ ಅಪ್ಪಣೆಯನ್ನೂ ಕೇಳದೆ, ಯಾರ ಕಣ್ಣನ್ನೂ ತಪ್ಪಿಸದೆ, ಜನ ಒಂದು ಜಾಗದಲ್ಲಿ ಇಪ್ಪತ್ತು ವರ್ಷ ಓಡಾಡಿದರೆ ಅದು ಊರ ದಾರಿಯಾಗುತ್ತದೆ. ಆಮೇಲೆ ಒಡೆಯ ಅದನ್ನು ಮುಚ್ಚುವಂತಿಲ್ಲ, ಅದರ ಮೇಲೆ ಕಟ್ಟುವಂತಿಲ್ಲ. ಹಾಗಾಗದಿರಲೆಂದು ಬುದ್ಧಿವಂತ ಒಡೆಯರು ವರ್ಷಕ್ಕೊಂದು ದಿನ ಗೇಟಿಗೆ ಬೀಗ ಜಡಿಯುತ್ತಾರೆ; ಒಂದು ದಿನ ತಡೆದರೂ ಇಪ್ಪತ್ತು ವರ್ಷದ ಎಣಿಕೆ ಮುರಿಯುತ್ತದೆ. ಗ್ಯಾಮನ್ ಬುದ್ಧಿವಂತನೇ. ಪ್ರತಿ ಶುಭ ಶುಕ್ರವಾರ ತನ್ನ ಅಡ್ಡೆಯ ದೊಡ್ಡ ಗೇಟಿಗೆ ಸರಪಳಿ ಸುತ್ತಿ, ಫೋಟೋ ತೆಗೆಸಿ ಇಡುತ್ತಿದ್ದ.

ಮೊದಲ ವರ್ಷ ಆ ಸರಪಳಿ ನೋಡಿದ ಡೋರ್ಕಸ್ ನನ್ನ ತೋಳು ಹಿಡಿದುಕೊಂಡು ನಕ್ಕಳು. ಅಪ್ಪ ಸತ್ತ ಮೇಲೆ ಅವಳು ನಕ್ಕಿದ್ದನ್ನು ನಾನು ಅಂದೇ ನೋಡಿದ್ದು.

"ಯಾಕೇ ನಗ್ತಿ? ಶುಭ ಶುಕ್ರವಾರ ಕಣೇ ಇವತ್ತು."

"ಅವನು ಗಾಡಿ ದಾರಿ ಮುಚ್ಚಿದಾನೆ ಐಡಾ. ಕಲ್ಲಿದ್ದಲು ಗಾಡಿ ದಾರಿ! ದೋಣಿ ಜನ ಅಲ್ಲಿ ಯಾವತ್ತು ನಡೆದಿದ್ರು?"

ದೋಣಿಯವರನ್ನು ಆ ಕಾಲದಲ್ಲಿ ಊರವರು ಮುಂಬಾಗಿಲಿಗೆ ಸೇರಿಸುತ್ತಿರಲಿಲ್ಲ. ಮಸಿ ಮೈಯವರು ಎಂದು ಅವರಿಗೆ ಪಬ್ಬಿನಲ್ಲಿ ಬೇರೆ ಕೋಣೆ, ಬೇರೆ ಬಾಗಿಲು. ಕಾಲುವೆ ಕಡೆಯಿಂದ ಒಳಬಂದು, ಅಡುಗೆಮನೆಗೂ ಲಾಯಕ್ಕೂ ನಡುವಿನ ಸಂದಿಯಲ್ಲಿ ಹಾದು ಅವರು ಚರ್ಚಿಗೆ ಹೋಗುತ್ತಿದ್ದರು. ಗ್ಯಾಮನ್ ಮನೆಯವರು ಮುಂಬಾಗಿಲ ಜನ; ಆ ಸಂದಿಯಲ್ಲಿ ಕಾಲಿಟ್ಟವರೇ ಅಲ್ಲ. ಗೋಡೆಗಳನ್ನು ಕೆಡವಿದ ಮೇಲೆ ತಿಳಿದುಕೊಳ್ಳುವ ದಾರಿಯನ್ನೂ ಅವನೇ ಕೆಡವಿಕೊಂಡಿದ್ದ. ಆ ಸಂದಿ ಇದ್ದದ್ದು ಈಗಿನ ಶೆಡ್ಡಿನ ಬೆನ್ನಿಗೆ, ಡೋರ್ಕಸ್ ದಿನವೂ ನಡೆಯುತ್ತಿದ್ದ ಜಾಗದಲ್ಲಿ. ಅವಳ ಹಿಂದೆ ಮೆಲ್ಲಗೆ ನಾವೂ ನಡೆಯತೊಡಗಿದೆವು. ಚರ್ಚಿನ ಹೆಂಗಸರು, ನಾಯಿ ಹಿಡಿದವರು, ಮೀನು ಹಿಡಿಯುವವರು. ಹತ್ತಿರದ ದಾರಿ, ಯಾರು ಬಿಡುತ್ತಾರೆ? ಶುಭ ಶುಕ್ರವಾರವೂ ಅದರಲ್ಲೇ ಪೂಜೆಗೆ ಹೋಗುತ್ತಿದ್ದೆವು. ಆಚೆ ಗೇಟಿಗೆ ಸರಪಳಿ ನೇತಾಡುತ್ತಿರುತ್ತಿತ್ತು.

ಇಪ್ಪತ್ತು ವರ್ಷ ದಾಟಿದ ಮೇಲೆ ಗ್ಯಾಮನ್ ಮರದ ವ್ಯಾಪಾರ ನಿಲ್ಲಿಸಿ, ಅಲ್ಲಿ ಮನೆಗಳ ಸಾಲು ಕಟ್ಟುತ್ತೇನೆಂದು ಬೋರ್ಡು ನೆಟ್ಟ. ಸಾಲಿಗೆ ಇಟ್ಟ ಹೆಸರು ನೆಪ್ಚೂನ್ ಕೋರ್ಟ್. ಬೋರ್ಡಿನ ಮುಂದೆ ಡೋರ್ಕಸ್ ಬಹಳ ಹೊತ್ತು ನಿಂತಳು. "ಹೆಸರೂ ಬೇಕಂತೆ ಇವನಿಗೆ," ಎಂದಳು. ಆ ವಾರವೇ ಕೌನ್ಸಿಲ್ಲಿಗೆ ಊರ ದಾರಿಯ ಅರ್ಜಿ ಹೋಯಿತು.

ವಿಚಾರಣೆಗೆ ಬಂದ ಅಧಿಕಾರಿ ಜಾಗದಲ್ಲೇ ನಿಂತು ಎಲ್ಲರನ್ನೂ ಕೇಳಿದರು. ಗ್ಯಾಮನ್ ಫೋಟೋಗಳನ್ನು ಹರಡಿದ. "ನೋಡಿ ಸಾರ್, ಪ್ರತಿ ವರ್ಷ ಬೀಗ ಹಾಕಿದೀನಿ. ಇವರ್ಯಾರಿಗೂ ನುಗ್ಗೋಕೇ ಆಗಲ್ಲ."

"ನೀವು ಶುಭ ಶುಕ್ರವಾರ ಎಲ್ಲಿ ನಡೆದಿರಿ?" ಎಂದು ಅಧಿಕಾರಿ ನನ್ನನ್ನು ಕೇಳಿದರು.

ಬೈಬಲ್ಲಿನ ಆಣೆ ಇಲ್ಲದಿದ್ದರೂ ನಿಜವನ್ನೇ ಹೇಳಿದೆ. "ಶೆಡ್ಡಿನ ಹಿಂದೆ ಸಾರ್. ಗೇಟಿನ ಕಡೆ ನಾನು ಹೋಗಿಯೇ ಇಲ್ಲ."

"ಅಲ್ಲಿ ಯಾವ ದಾರಿ ಇತ್ತು? ಅಲ್ಲೇನೂ ಇರ್ಲಿಲ್ಲ!" ಗ್ಯಾಮನ್ ಕೂಗಿದ.

"ಇತ್ತು ಸಿರಿಲ್," ಎಂದಳು ಡೋರ್ಕಸ್. "ನೀನು ಕೆಡವೋಕೆ ಮುಂಚೆ ಒಳಗೆ ಬಂದು ಒಂದ್ಸಲ ನೋಡಿದ್ರೆ ಗೊತ್ತಾಗ್ತಿತ್ತು."

ತೀರ್ಪು ನಮ್ಮ ಕಡೆ ಬಂತು. ದಾರಿ ನೆಪ್ಚೂನ್ ಕೋರ್ಟಿನ ನಕ್ಷೆಯ ನಟ್ಟನಡುವೆ, ಮೂರು ಮನೆಗಳ ಹಜಾರ ಸೀಳಿಕೊಂಡು ಹೋಗುತ್ತಿತ್ತು. ಕಟ್ಟುವಂತಿರಲಿಲ್ಲ. ದಾರಿಯನ್ನು ಪಕ್ಕಕ್ಕೆ ಸರಿಸಲು ಕೌನ್ಸಿಲ್ ಒಪ್ಪಬಹುದಿತ್ತು, ಊರಲ್ಲಿ ಯಾರೂ ಆಕ್ಷೇಪಿಸದಿದ್ದರೆ. ಆಕ್ಷೇಪಿಸುವವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಗ್ಯಾಮನ್ ಅವಳ ಮನೆಗೆ ಬಂದ. ನಾನು ಅವಳ ಸೊಂಟಕ್ಕೆ ಬಿಸಿನೀರಿನ ಚೀಲ ಇಡುತ್ತಿದ್ದೆ. ಆ ಹೊತ್ತಿಗೆ ಅವಳಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ಮನೆಯ ಗೋಡೆಗಳೆಲ್ಲ ಶೀತ ಹಿಡಿದಿದ್ದವು. ಅವನಿಗೂ ವಯಸ್ಸಾಗಿತ್ತು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತ.

"ಆರಡಿ, ಡೋರ್ಕಸ್. ದಾರೀನ ಬರೀ ಆರಡಿ ಆಚೆ ಸರಿಸೋದು. ನೀನು ಆಕ್ಷೇಪಣೆ ಹಾಕ್ಬೇಡ, ಅಷ್ಟೇ ನಾನು ಕೇಳೋದು."

ಅವನು ನಕ್ಷೆ ಬಿಚ್ಚಿ ಮೇಜಿನ ಮೇಲೆ ಇಟ್ಟ.

"ನೋಡು, ಕೆಳಗಿನ ಮೊದಲನೇ ಮನೆ. ಮೆಟ್ಟಿಲಿಲ್ಲ. ಒಣ ಗೋಡೆ, ಬೆಚ್ಚಗಿರುತ್ತೆ. ಕಿಟಕಿ ಕಾಲುವೆ ಕಡೆ. ಅದು ನಿಂಗೆ. ಬಾಡಿಗೆ ಇಲ್ಲ, ಏನಿಲ್ಲ, ಬದುಕಿರೋವರೆಗೂ ಇರು."

ಡೋರ್ಕಸ್ ಕನ್ನಡಕ ಹಾಕಿಕೊಂಡು ನಕ್ಷೆಯ ಮೇಲೆ ಬಾಗಿದಳು. ಬೆರಳು ಮೊದಲನೇ ಮನೆಯ ಚೌಕದ ಮೇಲೆ ನಿಂತಿತು. ಅದು ಯಾವ ಜಾಗವೆಂದು ನನಗೂ ಗೊತ್ತಾಯಿತು: ದೋಣಿಯವರ ಕೋಣೆಯ ಪಕ್ಕ, ಅವಳ ತಾಯಿಯ ಅಡುಗೆಮನೆ. ನಾನು ಮನಸ್ಸಿನಲ್ಲೇ ಪ್ರಾರ್ಥಿಸಿದೆ, ಅವಳು ಒಪ್ಪಿಕೊಳ್ಳಲೆಂದು. ಆ ಸೊಂಟ, ಆ ಶೀತದ ಗೋಡೆ ನಾನು ನೋಡುತ್ತಿದ್ದವಳು.

"ಒಲೆ ಎಲ್ಲಿಡ್ತಿ?" ಎಂದು ಕೇಳಿದಳು.

ಗ್ಯಾಮನ್‌ನ ಮುಖ ಅರಳಿತು. "ನೀನು ಹೇಳಿದ ಕಡೆ. ಎಲ್ಲಿ ಬೇಕೋ ಅಲ್ಲಿ."

"ಅವತ್ತು ಅಮ್ಮ ಅದರ ಮೇಲೆ ಮಾಂಸ ಬೇಯಿಸೋಕೆ ಇಟ್ಟಿದ್ಳು, ಗೊತ್ತಾ ನಿಂಗೆ?"

ಅವನು ಟೋಪಿಯ ಅಂಚನ್ನು ತಿರುಗಿಸುತ್ತ ಕೂತ. "ಎಷ್ಟ್ ವರ್ಷ ಆಯ್ತು ಡೋರ್ಕಸ್. ನಂದೂ ಇನ್ನೆಷ್ಟು ದಿನವೋ. ಬೆಚ್ಚಗಿರು ಅಂತಾನೇ ಹೇಳ್ತಿರೋದು."

ಅವಳು ನಕ್ಷೆಯನ್ನು ಮಡಿಕೆಯ ಗುರುತು ಹಿಡಿದು ನೀಟಾಗಿ ಮಡಿಸಿ ಅವನ ಟೋಪಿಯೊಳಗೆ ಇಟ್ಟಳು.

"ಬೇಡ ಸಿರಿಲ್. ಆ ಮನೆ ನೀನೇ ಇಟ್ಕೊ. ಕಟ್ಟೋಕಾದ್ರೆ."