ಹುಣಸೆಹುಳಿ ತಾಗಿದ ರೈಫಲ್

೧೯೯೬. ನಾನಾಗ ಕತಾರಿನ ಅಲ್ ಅಜೀಜಿಯಾದಲ್ಲಿ ಒಬ್ಬ ಸ್ಥಳೀಯ ಶ್ರೀಮಂತರ ಖಾಸಗಿ ಸಂಗ್ರಹಾಲಯದ ಮೆಟಲ್ ಕನ್ಸರ್ವೇಟರ್ ಆಗಿದ್ದೆ. ಈ ಇಸವಿ ನನ್ನ ನೆನಪಿನದು. ಹಳೆಯ ಪಾಸ್‌ಪೋರ್ಟಿನ ಸೀಲುಗಳು ೧೯೯೫ ಎನ್ನುತ್ತವೆ. ಎರಡರಲ್ಲಿ ಒಂದನ್ನು ಅಳಿಸಿ ಕತೆಯನ್ನು ಚೊಕ್ಕ ಮಾಡಲು ನನಗೆ ಮನಸ್ಸಿಲ್ಲ.

ಕನ್ಸರ್ವೇಟರ್ ಎಂದರೆ ಹಳೆಯ ವಸ್ತುವನ್ನು ಹೊಸದು ಮಾಡುವವನಲ್ಲ, ಇನ್ನಷ್ಟು ಹಾಳಾಗದಂತೆ ಕಾಯುವವನು. ಬಂಟ್ವಾಳದಲ್ಲಿದ್ದ ನನ್ನ ಉಮ್ಮನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. “ಕಲೆ ತೆಗೆಯದೆ ಕೂತದ್ದಕ್ಕೂ ಸಂಬಳ ಕೊಡ್ತಾರಾ ಮೋನೆ?” ಎಂದು ಮಗನಾದ ನನ್ನನ್ನು ಕೇಳುತ್ತಿದ್ದಳು.

ಯಜಮಾನರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಅವರು ಸಂಗ್ರಹಿಸುತ್ತಿದ್ದದ್ದು ಹಳೆಯ ಕೌಬಾಯ್ ಸಿನಿಮಾಗಳಲ್ಲಿ ಬಳಸಿದ ರೈಫಲ್‌ಗಳನ್ನು. ಬಾಲ್ಯದಲ್ಲಿ, ತೈಲ ಕಂಪನಿಯೊಂದರ ಕ್ಯಾಂಪಿನಲ್ಲಿ, ಮರಳಿನ ಮೇಲೆ ಕೂತು ಬಯಲಿನ ಪರದೆಯಲ್ಲಿ ಆ ಸಿನಿಮಾಗಳನ್ನು ನೋಡಿದವರು ಅವರು. ಇಂಗ್ಲಿಷ್ ತಿಳಿಯುತ್ತಿರಲಿಲ್ಲವಂತೆ. ಕುದುರೆ, ಧೂಳು, ಬಂದೂಕು ತಿಳಿದರೆ ಸಾಕಿತ್ತು. ಅವರ ಬಂದೂಕುಗಳಿಗೆಲ್ಲ ಪೊಲೀಸ್ ಪರವಾನಗಿ ಇತ್ತು, ಗುಂಡು ಹಾರದಂತೆ ಫೈರಿಂಗ್ ಪಿನ್ ತೆಗೆಸಿದ್ದರು.

ಆ ಅಕ್ಟೋಬರಿನಲ್ಲಿ ಲಂಡನ್ನಿನ ದಲ್ಲಾಳಿಯೊಬ್ಬನಿಂದ ಆ ಸಿನಿಮಾಗಳೊಂದರಲ್ಲಿ ಕಂಡು ಅವರು ಬಹುಕಾಲ ಹುಡುಕುತ್ತಿದ್ದ ರೈಫಲ್ ಬಂತು. ಲಿವರ್ ಆಕ್ಷನ್ ಮಾದರಿಯದು. ಟ್ರಿಗರಿನ ಸುತ್ತ ಒಂದು ಬಳೆ ಇರುತ್ತದೆ, ಅದನ್ನು ಕೆಳಗೆಳೆದು ಮೇಲೆ ಮಾಡಿದರೆ ಮುಂದಿನ ತೋಟಾ ಏರುತ್ತದೆ. ಆ ಯಂತ್ರಭಾಗವನ್ನು ಹೊತ್ತ ಲೋಹದ ಪೆಟ್ಟಿಗೆಯ ಹೆಸರು ರಿಸೀವರ್. ಈ ರೈಫಲಿನ ರಿಸೀವರ್ ಮಬ್ಬು ಹಳದಿಯಾಗಿತ್ತು, ಹಿತ್ತಾಳೆಯ ಹಾಗೆ. ಅರ್ಬಾಬ್ ಯುರೋಪಿನಲ್ಲಿದ್ದರು. ನಾನು ಪರೀಕ್ಷಿಸುವ ತನಕ ಅದು ಸ್ಟೋರಿನ ಮೇಜಿನ ಮೇಲೆ ಇರಬೇಕಿತ್ತು.

ಸ್ಟೋರ್ ನೋಡಿಕೊಳ್ಳುತ್ತಿದ್ದವರು ಕಾರ್ಕಳ ಕಡೆಯ ವಸಂತಣ್ಣ. ಇಬ್ಬರು ಹೆಣ್ಣುಮಕ್ಕಳ ಓದು, ಅರ್ಧಕ್ಕೆ ನಿಂತ ಮನೆ, ಎಲ್ಲವೂ ಅವರ ವೀಸಾದ ಮೇಲೆ ನಿಂತಿದ್ದವು. ಒಂದು ಬೆಳಿಗ್ಗೆ ನಾನು ಹತ್ತಿಬಟ್ಟೆ ತರಲು ಸೂಕ್ ವಾಕಿಫ್ ಮಾರುಕಟ್ಟೆಗೆ ಹೋಗಿ ಬಂದಾಗ ಅವರು ಸ್ಟೋರಿನ ಬಾಗಿಲಲ್ಲೇ ನಿಂತಿದ್ದರು. ಅಂಗೈ ತುಂಬ ಬಂಗಾರದ ಬಣ್ಣ.

“ಬ್ಯಾರಿಗಳೇ, ಒಳಗೆ ಬನ್ನಿ. ಬೈಬೇಡಿ. ಮೊದಲು ನೋಡಿ.” ಕರಾವಳಿಯ ಬ್ಯಾರಿ ಮುಸ್ಲಿಮನಾದ ನನ್ನನ್ನು ಅವರು ಹಾಗೆಯೇ ಕರೆಯುತ್ತಿದ್ದರು.

ಅವತ್ತು ಆಯುಧಪೂಜೆ. ಊರಿನಲ್ಲಿ ಕತ್ತಿ, ಗರಗಸ, ಸೈಕಲ್ಲು ಎಲ್ಲ ತೊಳೆಸಿಕೊಂಡು ಕುಂಕುಮ ಇಡಿಸಿಕೊಳ್ಳುವ ದಿನ. ದೋಹಾದಲ್ಲಿ ನಮ್ಮವರು ಅದನ್ನು ಸದ್ದಿಲ್ಲದೆ ಮಾಡುತ್ತಿದ್ದರು: ಡ್ರೈವರ್ ಸ್ಟೇರಿಂಗಿಗೆ ಒಂದು ಚುಕ್ಕೆ, ಮೆಕ್ಯಾನಿಕ್ ಸ್ಪಾನರಿಗೆ ಒಂದು ಚುಕ್ಕೆ, ಕೂಡಲೇ ಒರೆಸಿಬಿಡುವುದು. ಅಷ್ಟು ಆಯುಧಗಳಿರುವ ಮನೆಯಲ್ಲಿ ಹೊಸದಾಗಿ ಬಂದದ್ದು ಮಂಕಾಗಿ ಬಿದ್ದಿರುವುದನ್ನು ನೋಡಲು ವಸಂತಣ್ಣನಿಗೆ ಆಗಲಿಲ್ಲ. ತಾಯಿ ದೀಪ ಬೆಳಗುತ್ತಿದ್ದ ರೀತಿಯಲ್ಲೇ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ತಿಕ್ಕಿದರು. ನಮ್ಮ ಕರಾವಳಿಯವರು ಹಳದಿ ಲೋಹ ಕಂಡರೆ ಹುಳಿ ಹುಡುಕುವವರು. ನಾನಾದರೂ ಈ ಕೆಲಸ ಕಲಿಯದಿದ್ದರೆ ಅದನ್ನೇ ಮಾಡುತ್ತಿದ್ದೆ.

ಹಿತ್ತಾಳೆ ಹೊಳೆಯಲಿಲ್ಲ, ಹಳದಿಯೇ ಕಿತ್ತು ಬಂತು. ಹುಳಿನೀರು ಬಂಗಾರವಾಯಿತು, ಬಂದೂಕು ಬೂದುಬಣ್ಣವಾಯಿತು. ಎಡಮಗ್ಗುಲು ಪೂರ್ತಿ ಹೋದ ಮೇಲೆ ಹೆದರಿ ನಿಲ್ಲಿಸಿದ್ದರು. ಬಲಮಗ್ಗುಲು ಹಾಗೇ ಇತ್ತು.

ಮ್ಯಾಗ್ನೆಟ್ ಇಟ್ಟೆ. ಟಕ್ಕೆಂದು ಹಿಡಿಯಿತು. ಹಿತ್ತಾಳೆಗೆ ಅಯಸ್ಕಾಂತ ಹಿಡಿಯುವುದಿಲ್ಲ. ಒಳಗಿದ್ದದ್ದು ಕಬ್ಬಿಣ.

ಸುದ್ದಿ ಕೇಳಿ ಮ್ಯಾನೇಜರ್ ರೈಗಳು ಓಡಿಬಂದರು. ಪುತ್ತೂರಿನವರು, ಕೆಟ್ಟವರಲ್ಲ, ಹೆದರಿದವರು. ಮ್ಯಾಗ್ನೆಟ್ ನೋಡಿದ್ದೇ ಅವರ ಮುಖ ಅರಳಿತು.

“ಹಾಗಾದ್ರೆ ಡೂಪ್ಲಿಕೇಟ್! ದಲ್ಲಾಳಿ ಮೋಸ ಮಾಡಿದ್ದು. ವಸಂತ, ನೀನು ಬಚಾವು ಮಾರಾಯ.”

“ಡೂಪ್ಲಿಕೇಟ್ ಅಲ್ಲ ರೈಗಳೇ. ಇದೇ ಅಸಲಿ,” ಎಂದೆ.

ವಿವರಿಸಿದೆ. ಹಿತ್ತಾಳೆ ರಿಸೀವರಿನ ರೈಫಲ್ ೧೮೬೦ರ ದಶಕದ್ದು. ಸಿನಿಮಾದವರಿಗೆ ಅದು ಸಿಗುವುದು ಕಷ್ಟ, ಸಿಕ್ಕರೆ ಕುದುರೆಯಿಂದ ಬೀಳಿಸಲು ಮನಸ್ಸು ಬಾರದು. ಹಾಗಾಗಿ ಮೂವತ್ತು ವರ್ಷ ಈಚಿನ, ಅಗ್ಗದ ಕಬ್ಬಿಣದ ರೈಫಲನ್ನು ತಂದು, ನಳಿಗೆಯ ಕೆಳಗಿನ ಮರ ಕಳಚಿ, ರಿಸೀವರಿಗೆ ಬಂಗಾರದ ಬಣ್ಣ ಬಳಿಯುತ್ತಿದ್ದರು. ಪರದೆಯ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರ ಕಳಚಿದ ಗುರುತು ಇದರಲ್ಲೂ ಇತ್ತು. ಬಣ್ಣವೇ ಇದರ ಜಾತಕ.

“ನಕಲಿಯೇ ಅಸಲಿ ಅಂತೀರಾ?”

“ಸಿನಿಮಾದ ಮಟ್ಟಿಗೆ, ಹೌದು.”

ರೈಗಳು ಬಂದೂಕನ್ನು ನನ್ನತ್ತ ಸರಿಸಿದರು. “ಸರಿ. ನೀವೇ ಕೆಮಿಸ್ಟು. ಅರ್ಬಾಬ್ ಗುರುವಾರ ಬರ್ತಾರೆ. ಅಷ್ಟರಲ್ಲಿ ಅದೇ ಬಣ್ಣ ಹೊಡೀರಿ. ಖಲಾಸ್.”

ಅದು ನನಗೆ ಕಷ್ಟವಿರಲಿಲ್ಲ. ಕಂಚಿನ ಪುಡಿ, ಮೆರುಗೆಣ್ಣೆ, ಸ್ವಲ್ಪ ಹೊಗೆ ಇದ್ದರೆ ಲಂಡನ್ನಿನವನಿಗೂ ಗೊತ್ತಾಗದಂತೆ ಮಾಡಬಲ್ಲೆ.

“ಹೊಡೆಯುವುದಿಲ್ಲ,” ಎಂದೆ.

“ಯಾಕೆ?”

“ಉಳಿದ ಅರ್ಧವೂ ಸುಳ್ಳಾಗುತ್ತದೆ.”

“ದೊಡ್ಡ ಹರಿಶ್ಚಂದ್ರ! ಊರಿಗೆ ಹೋಗುವುದು ನೀವಲ್ಲ, ಇವನು.”

ವಸಂತಣ್ಣ ನನ್ನ ಮೊಣಕೈ ಹಿಡಿದುಕೊಂಡರು. “ಒಂದು ಕೋಟು ಬ್ಯಾರಿಗಳೇ. ಒಂದೇ ಒಂದು. ನನ್ನ ದೊಡ್ಡವಳದ್ದು ಕೊನೇ ವರ್ಷ ಉಂಟು.”

“ಬಣ್ಣ ಹೊಡೆದರೆ ಇವತ್ತಿಗೆ ತಪ್ಪಿಸಿಕೊಳ್ಳುತ್ತೀರಿ ವಸಂತಣ್ಣ. ಎಂದಾದರೂ ಸಿಕ್ಕಿಬಿದ್ದರೆ ಆಗ ಅದು ಪೂಜೆಯಲ್ಲ, ಕಳ್ಳತನ. ನಾನು ನಿಮ್ಮ ಜೊತೆ ನಿಲ್ಲುತ್ತೇನೆ.”

“ನಿಂತ್ರೆ ಎಂತ ಸಿಗ್ತದೆ? ಇಬ್ಬರಿಗೂ ಟಿಕೆಟ್ ಸಿಗ್ತದೆ.”

ವಸ್ತುವಿನ ಸ್ಥಿತಿ ದಾಖಲಿಸುವ ಕಂಡಿಷನ್ ರಿಪೋರ್ಟಿನಲ್ಲಿ ಆದದ್ದನ್ನೇ ಬರೆದೆ: ಹುಣಸೆಹುಳಿ, ಬೂದಿ, ಆಯುಧಪೂಜೆ. ಕೊನೆಯ ಪದವನ್ನಾದರೂ ತೆಗೆಯಿರಿ ಎಂದು ರೈಗಳು ಕೈಮುಗಿದರು. “ಈ ಮನೆಯಲ್ಲಿ ಪೂಜೆ ಅಂತ ಬರೆಯುವ ಅಗತ್ಯ ಎಂತ ಉಂಟು? ಅದೂ ನೀವು?” ನಾನು ತೆಗೆಯಲಿಲ್ಲ. ಆ ಪದವಿಲ್ಲದಿದ್ದರೆ ವಸಂತಣ್ಣ ಬರೀ ಬೇಜವಾಬ್ದಾರಿ ನೌಕರನಾಗಿ ಉಳಿಯುತ್ತಿದ್ದರು.

ಗುರುವಾರ ಅರ್ಬಾಬ್ ಬಂದರು. ನನ್ನ ಬಿಳಿ ಕೋಟಿನಿಂದಾಗಿ ಅವರು ನನ್ನನ್ನು ದಕ್ತೂರ್ ಎನ್ನುತ್ತಿದ್ದರು. ರೈಫಲನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿದರು. ನಾನು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಮೊದಲ ಪ್ರಶ್ನೆ ವಸಂತಣ್ಣನಿಗೆ ಬಂತು.

“ತೊಳಿ ಅಂತ ಯಾರು ಹೇಳಿದ್ದು?”

ವಸಂತಣ್ಣ ಅಳುತ್ತಾರೆಂದುಕೊಂಡಿದ್ದೆ. ಅವರು ತಲೆ ಎತ್ತಿ ಅರ್ಬಾಬರಿಗೂ ತಿಳಿಯುತ್ತಿದ್ದ ತಮ್ಮ ಹಿಂದಿಯಲ್ಲಿ ಹೇಳಿದರು: “ಯಾರೂ ಹೇಳಿಲ್ಲ. ನಮ್ಮಲ್ಲಿ ಆಯುಧವನ್ನು ಅವತ್ತು ಕೊಳಕು ಬಿಡುವುದಿಲ್ಲ. ನಿಮ್ಮದು ಅಂತ ತೊಳೆದೆ. ನನ್ನದಾದರೂ ತೊಳೆಯುತ್ತಿದ್ದೆ.”

ಅರ್ಬಾಬ್ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. ಅವರ ಸಿಟ್ಟು ಇದ್ದದ್ದು ನನ್ನ ಮೇಲೆ. “ದಕ್ತೂರ್, ನಾನು ಮರಳಿನಲ್ಲಿ ಕೂತು ನೋಡಿದ್ದು ಬಂಗಾರ. ನೀನು ಬಣ್ಣ ಎನ್ನುತ್ತೀಯ.”

“ಹೌದು.”

“ಹಾಗಾದರೆ ಹಚ್ಚು. ನನ್ನ ಬಂದೂಕು, ನನ್ನ ಹುಕುಂ. ಯಲ್ಲಾ, ಶುರು ಮಾಡು.”

ರೈಗಳು ನನ್ನತ್ತ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಒಪ್ಪಿದ್ದರೆ ಎಲ್ಲರೂ ಊಟಕ್ಕೆ ಹೋಗಬಹುದಿತ್ತು.

“ಹಚ್ಚುವುದಿಲ್ಲ,” ಎಂದೆ. “ನಾನು ಹಚ್ಚಿದರೆ ಅದು ನನ್ನ ಬಣ್ಣ. ನೀವು ಚಿಕ್ಕವರಿದ್ದಾಗ ನೋಡಿದ್ದು ಈ ಬಲಮಗ್ಗುಲಲ್ಲಿ ಮಾತ್ರ ಉಳಿದಿದೆ. ಅದರ ಪಕ್ಕ ನನ್ನದನ್ನು ಇಟ್ಟರೆ ನಾಳೆ ಯಾವುದು ಯಾವುದೆಂದು ನಿಮಗೂ ತಿಳಿಯುವುದಿಲ್ಲ. ಬೇರೆಯವರಿಂದ ಹಚ್ಚಿಸುವುದಾದರೆ ಮೊದಲು ನನ್ನ ವೀಸಾ ಕ್ಯಾನ್ಸಲ್ ಮಾಡಿ. ವಸಂತಣ್ಣನನ್ನು ಊರಿಗೆ ಕಳಿಸಿದರೂ ಅಷ್ಟೇ, ನಾನೂ ಹೋಗುತ್ತೇನೆ.”

ನಾನು ಇಷ್ಟು ನಿರರ್ಗಳವಾಗಿ ಹೇಳಿದೆನೇ? ಇರಲಾರದು. ನನ್ನ ಇಂಗ್ಲಿಷ್ ಆಗ ತೊದಲುತ್ತಿತ್ತು. ಆದರೆ ‘ನೋ’ ಎಂದದ್ದು ಖಂಡಿತ. ಅದನ್ನು ಎರಡು ಸಲ ಹೇಳಿದೆ.

ಅರ್ಬಾಬ್ ಬಳೆ ಕೆಳಗೆಳೆದು ಮೇಲೆ ಮಾಡಿದರು. ಖಾಲಿ ಬಂದೂಕಿನ ಆ ಸದ್ದನ್ನು ಒಮ್ಮೆ ಕೇಳಿ, ಇನ್ನೊಮ್ಮೆ ಕೇಳಿದರು. ಬಲಮಗ್ಗುಲ ಹಳದಿಯ ಮೇಲೆ ಹೆಬ್ಬೆರಳಿಟ್ಟರು, ಉಜ್ಜಲಿಲ್ಲ. ಆಮೇಲೆ ವಸಂತಣ್ಣನತ್ತ ಕೈ ತೋರಿಸಿ ರೈಗಳಿಗೆ ಹೇಳಿದರು: “ಇವನನ್ನು ಗ್ಯಾರೇಜಿಗೆ ಹಾಕು. ಕಾರು ತೊಳೆಯಲಿ. ಕಾರನ್ನು ಎಷ್ಟು ಬೇಕಾದರೂ ತೊಳೆಯಲಿ.” ರೈಫಲನ್ನು ತಾವೇ ಎತ್ತಿಕೊಂಡು ತಮ್ಮ ಮಜ್ಲಿಸ್ ಕಡೆಗೆ, ಅತಿಥಿಗಳನ್ನು ಕೂರಿಸುವ ಹಜಾರಕ್ಕೆ, ನಡೆದರು. ನನ್ನನ್ನು ಒಂದು ತಿಂಗಳು ಮಾತಾಡಿಸಲಿಲ್ಲ. ನಾನೂ ಮಾತಾಡಿಸಲಿಲ್ಲ.

ವಸಂತಣ್ಣ ಅಂದು ಹೊರಗೆ ಬಂದು ಹೇಳಿದ್ದು ಧನ್ಯವಾದವಲ್ಲ. “ಇನ್ನೊಂದು ಸಲ ನನ್ನ ಹೊಟ್ಟೆಪಾಡು ಹಿಡ್ಕೊಂಡು ಸತ್ಯ ಹೇಳ್ಲಿಕ್ಕೆ ಹೋಗ್ಬೇಡಿ,” ಎಂದರು. ಆ ಮಾತು ನ್ಯಾಯವಾದದ್ದೇ. ಆದರೂ ಮತ್ತೆ ಅದೇ ದಿನ ಬಂದರೆ ನಾನು ಮತ್ತೆ ಅದನ್ನೇ ಮಾಡುತ್ತೇನೆ.

ಈಗ ಅವರು ಕಾರ್ಕಳದಲ್ಲಿ ಮುಗಿದ ಮನೆಯಲ್ಲಿದ್ದಾರೆ. ಈ ಬರಹಕ್ಕಾಗಿ ಮೊನ್ನೆ ಫೋನ್ ಮಾಡಿ ಕೇಳಿದೆ: ಮಜ್ಲಿಸ್‌ನ ಗೋಡೆಯ ಮೇಲೆ ರೈಫಲಿನ ಯಾವ ಮಗ್ಗುಲು ಹೊರಗಿತ್ತು? ಬೂದುಬಣ್ಣದ್ದು ಎಂದು ನನ್ನ ನೆನಪು.

“ಎಂತ ಬೂದು? ಬಂಗಾರದ್ದೇ ಹೊರಗಿದ್ದದ್ದು. ಗ್ಯಾರೇಜಿಗೆ ಹೋಗುವಾಗ ಕಿಟಕಿಯಲ್ಲಿ ದಿನಾ ನೋಡ್ತಿದ್ದೆ. ನೀವು ನಿಮಗೆ ಬೇಕಾದ ಹಾಗೆ ತಿರುಗಿಸಿ ಇಟ್ಟುಕೊಂಡಿದ್ದೀರಿ.”

ಇರಬಹುದು. ಅಳಿದದ್ದನ್ನು ಅಳಿದಿದೆ ಎಂದು ಬರೆ, ಅದರ ಮೇಲೆ ನಿನ್ನ ಬಣ್ಣ ಬಳಿಯಬೇಡ: ಕೆಲಸ ನನಗೆ ಕಲಿಸಿದ್ದು ಅಷ್ಟು. ನಮ್ಮಿಬ್ಬರಲ್ಲಿ ಒಬ್ಬರ ನೆನಪು ತಪ್ಪು. ಎರಡನ್ನೂ ಇಲ್ಲಿ ಹಾಗೆಯೇ ಇಟ್ಟಿದ್ದೇನೆ. ತಿದ್ದಿ ಕೊಡಿ ಎಂದು ಯಾರು ಕೇಳಿದರೂ, ಬಣ್ಣ ಹಚ್ಚುವುದಿಲ್ಲ.